ಎರಡನೇ ಎಕ್ಸ್‌ರೇ ಯಾಕೆ ಬೇಕು

"ಸಾಹೇಬ್ರ, ಎಕ್ಸ್‌ರೇದಾಗ ಏನೂ ಇಲ್ಲಂದಾರ್ರೀ. ಮತ್ಯಾಕ ಬ್ಯಾನಿ ಹೋಗವಲ್ದು?"

ಕಲಬುರಗಿಯಲ್ಲಿ ಎಲುಬಿನ ಡಾಕ್ಟರಾಗಿ ಕೂತ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದೇ ಇರಬೇಕು. ಹೇಳುವವರ ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಚೀಲದಲ್ಲಿ ಎರಡು ಮಡಿಕೆಯಾದ ಫಿಲ್ಮು. ಫಿಲ್ಮಿನ ಮೂಲೆಯಲ್ಲಿ ನಾನು ಮೊದಲು ನೋಡುವುದು ತಾರೀಖು. ಹೆಚ್ಚಿನ ಸಲ ಅದು ಬಿದ್ದ ದಿನದ್ದೇ ಆಗಿರುತ್ತದೆ. ಅವತ್ತು ಫಿಲ್ಮಿನಲ್ಲಿ ಏನೂ ಕಂಡಿರಲಿಕ್ಕಿಲ್ಲ. ಇವತ್ತಿಗೆ ಇಪ್ಪತ್ತು ದಿನ ಕಳೆದಿದೆ, ನೋವು ಇನ್ನೂ ಅದೇ ಜಾಗದಲ್ಲಿದೆ. ಇನ್ನೊಂದು ಎಕ್ಸ್‌ರೇ ತೆಗೆಸಿ ಎಂದರೆ ಮುಖ ಸಣ್ಣದಾಗುತ್ತದೆ. "ಮೊನ್ನೇನೇ ತೆಗಿಸೀವಲ್ರೀ, ಮತ್ತ ರೊಕ್ಕ ಹಾಕೋದೇನ್ರಿ?"

ಆ ಪ್ರಶ್ನೆ ತಪ್ಪು ಎಂದು ನಾನು ಹೇಳಲಾರೆ. ಚಿಂಚೋಳಿಯಿಂದಲೋ ಅಫಜಲಪುರದ ಕಡೆಯಿಂದಲೋ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಬಂದವರು ಕೇಳಲೇಬೇಕು. ಅದಕ್ಕೇ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಎರಿ ಹೊಲ ನೆನಪಿಸಿಕೊಳ್ಳಿ. ಬ್ಯಾಸಗಿಯಲ್ಲಿ ನೆಲ ಬಿರಿಯಲು ಶುರುವಾದ ದಿನ ಬದುವಿನ ಮೇಲೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಹದಿನೈದು ದಿನ ಬಿಟ್ಟು ಹೋಗಿ, ಅದೇ ಜಾಗದಲ್ಲಿ ಕೈ ಇಳಿಯುವಷ್ಟು ಬಿರುಕು ಇರುತ್ತದೆ. ಎಲುಬಿನ ಕೂದಲೆಳೆ ಬಿರುಕೂ ಹೀಗೆಯೇ. ಎಕ್ಸ್‌ರೇ ಎಂದರೆ ಎಲುಬಿನ ನೆರಳು. ಕಿರಣ ಬಿರುಕಿನ ಸೀಳಿಗೆ ನೇರವಾಗಿ ಹಾದರೆ ಗೆರೆ ಮೂಡುತ್ತದೆ. ತುಸು ಓರೆಯಾದರೂ ಹಿಂದಿನ ಎಲುಬಿನ ನೆರಳು ಅದನ್ನು ಮುಚ್ಚಿಬಿಡುತ್ತದೆ. ಆಮೇಲೆ ದೇಹವೇ ಕೆಲಸ ಶುರು ಮಾಡುತ್ತದೆ. ಬಿರುಕಿನ ಎರಡೂ ಅಂಚಿನಲ್ಲಿ ಪೆಟ್ಟು ತಿಂದ ಎಲುಬನ್ನು ಕರಗಿಸಿ ತೆಗೆಯುತ್ತದೆ, ಸೀಳು ಅಗಲವಾಗುತ್ತದೆ. ಮುಂದೆ ಅದರ ಸುತ್ತ ಹೊಸ ಎಲುಬು ಕೂಡಿ, ಫಿಲ್ಮಿನಲ್ಲಿ ಅರಳೆಯ ಎಳೆ ಇಟ್ಟ ಹಾಗೆ ಮಸುಕು ಬಿಳುಪು ಕಾಣುತ್ತದೆ. ಇಷ್ಟಾಗಲು 10ರಿಂದ 14 ದಿನ ಬೇಕು, ಕೆಲವರಿಗೆ ಮೂರು ವಾರವೂ ಆದೀತು. ಮೊದಲ ದಿನ ಕಾಣದ್ದು ಎರಡನೇ ಎಕ್ಸ್‌ರೇಯಲ್ಲಿ ಕಾಣುವುದು ಈ ಕಾರಣಕ್ಕೆ. ಮೊದಲು ನೋಡಿದ ಡಾಕ್ಟರು ತಪ್ಪಿದರು ಅಂತಲೂ ಅಲ್ಲ, ಮಷೀನು ಕೆಟ್ಟಿತ್ತು ಅಂತಲೂ ಅಲ್ಲ.

ಎಕ್ಸ್‌ರೇ ಬರುವ ಮೊದಲೂ ಈ ಬಿರುಕು ಇತ್ತು. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯನ್ ಸೈನ್ಯದ ವೈದ್ಯ, ದಿನಗಟ್ಟಲೆ ನಡೆದ ಸಿಪಾಯಿಗಳ ಪಾದ ಬಾತು ನೋಯುವುದನ್ನು ಬರೆದಿಟ್ಟ. ಸ್ನಾಯುವಿನ ಹುರಿಯ ಸುತ್ತಲಿನ ಪೊರೆಯ ಬಾವು ಇರಬೇಕು ಅಂದುಕೊಂಡಿದ್ದ. ಜರ್ಮನಿಯ ವಿಜ್ಞಾನಿ ರಂಟ್‌ಜನ್ ಎಕ್ಸ್‌ರೇ ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಆ ಸಿಪಾಯಿಗಳ ಪಾದದ ಎಲುಬು ಬಿರಿದಿತ್ತೆಂದು ಗೊತ್ತಾದದ್ದು 1897ರಲ್ಲಿ. ನಡುವಿನ ನಲವತ್ತು ವರ್ಷ ಆ ಪಾದಗಳು ಯಾರ ಅಪ್ಪಣೆಗೂ ಕಾಯದೆ ನೋಯುತ್ತಲೇ ಇದ್ದವು.

ಹಾಗಾಗಿ ನಾನು ಫಿಲ್ಮಿಗಿಂತ ಮೊದಲು ಬೆರಳನ್ನು ನಂಬುತ್ತೇನೆ. ಕಾಲೆಲ್ಲಾ ನೋಯುತ್ತದೆ ಎನ್ನುವವರಿಗೆ, ಒಂದೇ ಬೆರಳಿಟ್ಟು ತೋರಿಸಿ ಎನ್ನುತ್ತೇನೆ. ಉಳುಕಿದ್ದರೆ ಅಂಗೈ ಆಡಿಸಿ ಇಷ್ಟಗಲ ತೋರಿಸುತ್ತಾರೆ. ಎಲುಬು ಬಿರಿದಿದ್ದರೆ ಬೆರಳು ಸಾಮಾನ್ಯವಾಗಿ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನಿಲ್ಲುತ್ತದೆ, ನಾನು ಅಲ್ಲಿ ಒತ್ತಿದರೆ ಕಾಲು ಎಳೆದುಕೊಳ್ಳುತ್ತಾರೆ. ಭಾರ ಹಾಕಿದರೆ ನೋವು ಏರುವುದು, ಕೂತರೆ ಇಳಿಯುವುದು, ದಿನದಿಂದ ದಿನಕ್ಕೆ ಕಡಿಮೆ ದೂರಕ್ಕೇ ಶುರುವಾಗುವುದು, ಇವೆಲ್ಲ ಜೊತೆಗಿರುತ್ತವೆ. ಬೆರಳು ಆಡುತ್ತವೆ, ನಡೆಯಲು ಬರುತ್ತದೆ ಎಂಬುದು ಎಲುಬು ಗಟ್ಟಿಯಿದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಬಿರಿದ ಎಲುಬಿನ ಮೇಲೆ ತಿಂಗಳುಗಟ್ಟಲೆ ನಡೆದು ಬಂದವರನ್ನು ನಾನು ನೋಡಿದ್ದೇನೆ.

ಹುಮನಾಬಾದ್ ರಿಂಗ್ ರೋಡಿನ ಹತ್ತಿರ ಬೈಕಿನಿಂದ ಜಾರಿ, ಅಂಗೈ ಊರಿ ಬಿದ್ದ ಹುಡುಗನೊಬ್ಬ ಬಂದಿದ್ದ. ಬಿದ್ದು ಏಳು ತಿಂಗಳಾಗಿತ್ತು. ಆಗ ತೆಗೆಸಿದ ಎಕ್ಸ್‌ರೇ ಚೊಕ್ಕ ಇತ್ತು, ಎರಡು ವಾರಕ್ಕೆ ಮತ್ತೆ ಬಾ ಎಂದಿದ್ದರಂತೆ. ಹೋಗಲಿಲ್ಲ. ಊರಲ್ಲಿ ಒಬ್ಬರು ಎಣ್ಣೆ ತಿಕ್ಕಿ ಎಳೆದಿದ್ದರು. ನಿಮ್ಮ ಹೆಬ್ಬೆರಳನ್ನು ಮೇಲಕ್ಕೆತ್ತಿ ನೋಡಿ, ಬುಡದಲ್ಲಿ ಎರಡು ಹುರಿಯ ನಡುವೆ ಒಂದು ಕುಳಿ ಬೀಳುತ್ತದೆ. ಹಿಂದೆ ನಶ್ಯ ಸೇದುವವರು ಪುಡಿ ಇಟ್ಟುಕೊಳ್ಳುತ್ತಿದ್ದ ಜಾಗ, ವೈದ್ಯಶಾಸ್ತ್ರದಲ್ಲೂ ಅದಕ್ಕೆ ನಶ್ಯದ ಡಬ್ಬಿ ಎಂದೇ ಹೆಸರು. ಆ ಕುಳಿಯ ತಳದಲ್ಲಿರುವುದು ಸ್ಕೇಫಾಯ್ಡ್, ಗೋಡಂಬಿಗಿಂತ ತುಸು ದೊಡ್ಡ ಎಲುಬು. ಅದಕ್ಕೆ ಹೆಚ್ಚಿನ ರಕ್ತ ಬೆರಳಿನ ಕಡೆಯಿಂದ ಹಿಂದಕ್ಕೆ ಹರಿದು ಬರುತ್ತದೆ. ನಡುವೆ ಬಿರಿದರೆ ಮೊಣಕೈ ಕಡೆಯ ತುಂಡಿಗೆ ರಕ್ತ ಮುಟ್ಟದೆ ಅದು ಕೂಡದೇ ಉಳಿಯಬಹುದು, ಸತ್ತೂ ಹೋಗಬಹುದು. ಈ ಹುಡುಗನದು ಕೂಡಿರಲಿಲ್ಲ. ಸೊಂಟದ ಎಲುಬಿನ ಚೂರು ತೆಗೆದು ಅಲ್ಲಿಟ್ಟು ಸ್ಕ್ರೂ ಹಾಕಬೇಕಾಯಿತು. "ಅವತ್ತೇ ಪ್ಲಾಸ್ಟರ್ ಹಾಕಿದ್ರ ಮುಗೀತಿತ್ತೇನ್ರಿ?" ಎಂದು ಅವನ ತಂದೆ ಕೇಳಿದರು. ಬಹುಶಃ ಮುಗಿಯುತ್ತಿತ್ತು. ಅಂಗೈ ಊರಿ ಬಿದ್ದು ಆ ಕುಳಿಯಲ್ಲಿ ನೋವಿದ್ದರೆ, ಎಕ್ಸ್‌ರೇ ಏನೇ ಹೇಳಲಿ, ಬಿರಿದಿದೆ ಎಂದೇ ಹಿಡಿದು ಕಟ್ಟಿ ಕಳಿಸುವುದು ನಮ್ಮ ರೂಢಿ. ಎರಡು ವಾರಕ್ಕೆ ಮತ್ತೆ ಎಕ್ಸ್‌ರೇ ನೋಡಿ, ಏನೂ ಇಲ್ಲದಿದ್ದರೆ ಬಿಚ್ಚುತ್ತೇವೆ. ಆಗ ಹೋಗುವುದು ಎರಡು ವಾರ ಮಾತ್ರ.

ವಯಸ್ಸಾದವರ ವಿಷಯದಲ್ಲಿ ಎರಡು ವಾರ ಕಾಯಲೂ ನನಗೆ ಧೈರ್ಯವಿಲ್ಲ. ನಮ್ಮ ಮನೆಗಳ ಶಾಹಾಬಾದ್ ಫರಸಿ ನೀರು ಬಿದ್ದರೆ ಹೇಗೆ ಜಾರುತ್ತದೆಂದು ಎಲ್ಲರಿಗೂ ಗೊತ್ತು. ಬಚ್ಚಲ ಮುಂದೆ ಜಾರಿ ಕುಂಡಿ ಊರಿದ ಆಯಿಯೊಬ್ಬರು ಗೋಡೆ ಹಿಡಿದು ತಾವೇ ಎದ್ದು ನಡೆದಿದ್ದರು. ತೊಡೆಸಂದಿಯಲ್ಲಿ ಮಾತ್ರ ನೋವು. ಎಕ್ಸ್‌ರೇ ಸರಿಯಿತ್ತು. ನಾನು ಎಂಆರ್‌ಐ ಮಾಡಿಸಿ ಅಂದೆ, ಮಗ ನಾಳೆ ನೋಡೋಣ್ರಿ ಎಂದು ಕರೆದುಕೊಂಡು ಹೋದ. ಐದನೇ ದಿನ ಮಂಚದಿಂದ ಇಳಿಯುವಾಗ ತೊಡೆ ಎಲುಬಿನ ಕತ್ತು ಪೂರಾ ಮುರಿದು ಸರಿಯಿತು. ಸ್ಕ್ರೂನಲ್ಲಿ ಮುಗಿಯಬಹುದಾಗಿದ್ದಕ್ಕೆ ಅರ್ಧ ಕೀಲನ್ನೇ ಬದಲಿಸಬೇಕಾಯಿತು. ನೋವಿದ್ದವರಿಗೆಲ್ಲ ಎಂಆರ್‌ಐ ಬೇಕೆಂದು ಯಾರೂ ತಿಳಿಯಬಾರದು, ನಾನೂ ಬಹಳ ಜನರಿಗೆ ಬರೆಯುವುದಿಲ್ಲ. ಆದರೆ ಬಿದ್ದ ಮುದುಕರಿಗೆ ತೊಡೆಸಂದಿ ನೋಯುತ್ತಿದ್ದರೆ, ಕಾರಣ ಖಾತ್ರಿಯಾಗುವ ತನಕ ಆ ಕಾಲಿನ ಮೇಲೆ ಭಾರ ಬಿಡಿಸಬೇಡಿ.

ಬೀಳದೇ ಬಿರಿಯುವ ಎಲುಬೂ ಇದೆ. ಪೊಲೀಸ್ ಭರ್ತಿಗೆಂದು 1600 ಮೀಟರ್ ಓಟಕ್ಕೆ ತಿಂಗಳಲ್ಲೇ ತಯಾರಾಗಲು ಹೊರಡುವ ಹುಡುಗರ ಕಣಕಾಲು, ಸೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆದು ಹೋಗುವವರ ಪಾದ. ಹೋದ ಸಲ ಒಬ್ಬ ತರುಣ ನೂರು ಕಿಲೋಮೀಟರಿಗೂ ಮೀರಿ ನಡೆದು, ಅರ್ಧ ದಾರಿಯಿಂದ ನೋವಿನ ಗುಳಿಗೆ ನುಂಗುತ್ತ ಅಂಬಾಭವಾನಿಯ ದರ್ಶನ ಮಾಡಿಯೇ ಬಂದಿದ್ದ. ಹೆಬ್ಬೆರಳಿನಿಂದ ಎರಡನೇ ಬೆರಳಿನ ಹಿಂದೆ, ಪಾದದ ಮೇಲೆ ಬಾವು. ಗುಳಿಗೆ ನೋವನ್ನಷ್ಟೇ ತಡೆಯುತ್ತದೆ, ಎಲುಬಿನ ಮೇಲೆ ಬೀಳುವ ಭಾರವನ್ನು ತಡೆಯುವುದಿಲ್ಲ ಎಂದು ಅವನಿಗೆ ಹೇಳಿದೆ. ಸುಮ್ಮನೆ ತಲೆ ತಗ್ಗಿಸಿ ಕೇಳಿದ. ಅವನ ಭಕ್ತಿಯ ಮುಂದೆ ನನಗೂ ಜೋರು ಮಾಡಲು ಮನಸ್ಸಾಗಲಿಲ್ಲ.

ಪಾದದ ಇಂಥ ಬಿರುಕಿಗೆ ಆಪರೇಷನ್ ಬೇಕಾಗುವುದು ಅಪರೂಪ. ಗಟ್ಟಿ ತಳದ ಬೂಟು, ಬೇಕಾದರೆ ಊರುಗೋಲು, 6ರಿಂದ 8 ವಾರ ವಿಶ್ರಾಂತಿ. ಮೂರನೇ ವಾರಕ್ಕೆ ನೋವು ಇಳಿಯುತ್ತದೆ, ಆಗಲೇ ಜನ ಬೂಟು ಬಿಚ್ಚಿ ಹೊಲಕ್ಕೆ ಇಳಿಯುತ್ತಾರೆ. ನೋವು ಹೋಗುವುದು ಮೊದಲು, ಎಲುಬು ಗಟ್ಟಿಯಾಗುವುದು ಆಮೇಲೆ. ಎಣ್ಣೆ ಹಚ್ಚಿ ತಿಕ್ಕಬೇಡಿ, ಬಿದಿರುಪಟ್ಟಿ ಬಿಗಿದು ಕಟ್ಟಿಸಬೇಡಿ, ಬಿಗಿ ಹೆಚ್ಚಾಗಿ ರಕ್ತ ನಿಂತರೆ ಕೈಕಾಲೇ ಹೋಗುವ ಪ್ರಸಂಗ ಬರುತ್ತದೆ. ಬೀಡಿ, ಗುಟಕಾ ಬಿಡಿ, ತಂಬಾಕು ಎಲುಬು ಕೂಡುವುದನ್ನು ನಿಧಾನ ಮಾಡುತ್ತದೆ.

ಊಟದ ಬಗ್ಗೆಯೂ ಕೇಳುತ್ತಾರೆ. ಜೋಳದ ರೊಟ್ಟಿ ತಿಂದವನ ಎಲುಬು ಗಟ್ಟಿ ಎಂಬ ಮಾತು ನಮ್ಮಲ್ಲಿದೆ, ರೊಟ್ಟಿ ನನಗೂ ಪ್ರಾಣ. ಆದರೆ ನೂರು ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 28 ಮಿಲಿಗ್ರಾಂ, ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000ದ ಆಸುಪಾಸು. ಅಷ್ಟೇ ರಾಗಿಯಲ್ಲಿ 350ರಷ್ಟು, ಎಳ್ಳಿನಲ್ಲಿ ಸಾವಿರ ದಾಟುತ್ತದೆ. ಸಂಕ್ರಾಂತಿಗೆ ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಮಾಡುತ್ತೀರಲ್ಲ, ಅದನ್ನು ವರ್ಷವಿಡೀ ಮಾಡಿ, ಜೊತೆಗೆ ಮೊಸರಿರಲಿ. ಇಷ್ಟು ಬಿಸಿಲಿನ ಊರಲ್ಲಿದ್ದೂ ವಿಟಮಿನ್ ಡಿ ಕಡಿಮೆ ಇರುವವರನ್ನು ದಿನಾ ನೋಡುತ್ತೇನೆ, ಬಿಸಿಲಿಗೆ ಹೆದರಿ ಒಳಗೇ ಇರುವ ಹೆಣ್ಣುಮಕ್ಕಳೇ ಹೆಚ್ಚು. ಪರೀಕ್ಷೆ ಮಾಡಿಸದೆ ಗುಳಿಗೆ ಮಾತ್ರ ಶುರು ಮಾಡಬೇಡಿ.

ತುಳಜಾಪುರದ ತರುಣ ಎರಡನೇ ಎಕ್ಸ್‌ರೇ ತೆಗೆಸಿದ. ಕಿಟಕಿಯ ಬೆಳಕಿಗೆ ಹಿಡಿದು ಅವನ ತಾಯಿಗೆ ತೋರಿಸಿದೆ. ಎಲುಬಿನ ಪಕ್ಕದ ಆ ಮಸುಕು ಬಿಳುಪಿನ ಮೇಲೆ ಬೆರಳಿಟ್ಟು, "ಇದೇನ್ರಿ ಹೊಸದು?" ಎಂದರು. ಹೌದು ಯವ್ವಾ, ಇದೇ ಹೊಸ ಎಲುಬು ಅಂದೆ. ಬರುವ ವರ್ಷ ನಡೀಲಾಕ ಬಿಡ್ತೀರೇನ್ರಿ ಎಂದು ಅವನು ಕೇಳಿದ. ನಾಗರಪಂಚಮಿಯಿಂದಲೇ ದಿನಾ ನಡೆಯಲು ಶುರು ಮಾಡು, ಮೊದಲ ವಾರ ಎರಡು ಕಿಲೋಮೀಟರು ಸಾಕು, ಆಮೇಲೆ ವಾರ ವಾರ ಸ್ವಲ್ಪ ಏರಿಸು, ನೋವು ಬಂದ ದಿನ ನಿಲ್ಲಿಸಿ ನನ್ನ ಹತ್ತಿರ ಬಾ ಎಂದು ಚೀಟಿಯ ಹಿಂದೆ ಬರೆದುಕೊಟ್ಟೆ.