ಮಧ್ಯಾಹ್ನ ಎರಡರ ತರಗತಿ

ಮುಂಬಯಿಯ ಕನ್ನಡ ಸಂಘಗಳ ಸಭೆಯಲ್ಲಿ ಸಾಕ್ಷರತೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ರಾತ್ರಿಶಾಲೆ. ಆ ನೆನಪಿಗೆ ತಕ್ಕ ಚರಿತ್ರೆಯೂ ಇದೆ. ಕರಾವಳಿಯಿಂದ ಬಂದು, ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಟೇಬಲ್ ಒರೆಸಿ, ಅಲ್ಲಿಯೇ ಬೆಂಚು ಜೋಡಿಸಿ ಮಲಗುತ್ತಿದ್ದ ಹುಡುಗರಿಗಾಗಿ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಮುದಾಯ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದವು. ಅಲ್ಲಿ ಓದಿದವರು ಬ್ಯಾಂಕು, ಕಚೇರಿ, ವಕೀಲಿ ವೃತ್ತಿಗಳಿಗೆ ಹೋದದ್ದು ಈ ನಗರದ ಎಷ್ಟೋ ಕನ್ನಡ ಕುಟುಂಬಗಳ ಕಥೆ. ಆದರೆ ಆ ಶಾಲೆಗಳು ಬಹುಮಟ್ಟಿಗೆ ಊರಿನಲ್ಲಿ ಒಂದಿಷ್ಟು ಓದಿ ಬಿಟ್ಟಿದ್ದ ಗಂಡುಹುಡುಗರ ಓದನ್ನು ಮುಂದುವರಿಸಲು ಹುಟ್ಟಿದವು. ಅಕ್ಷರವನ್ನೇ ಕಾಣದವರು ಅವುಗಳ ಕಣ್ಣಮುಂದೆ ಇರಲಿಲ್ಲ.

ವಯಸ್ಕರಿಗೆ ಕಲಿಸುವ ಸ್ವಯಂಸೇವಕರನ್ನು ತರಬೇತುಗೊಳಿಸುವ ನನ್ನ ಕೆಲಸದಲ್ಲಿ ಇಂದು ಎದುರಾಗುವವರು ಬೇರೆಯವರು. ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರುಗಳಿಂದ ಬಂದು, ಕಟ್ಟಡದ ಕೆಲಸಕ್ಕೆ ಕೂಲಿಯವರು ಸೇರುವ ನಾಕಾದಲ್ಲಿ ನಿಲ್ಲುವವರು, ಸೊಸೈಟಿಗಳಲ್ಲಿ ಮನೆಗೆಲಸ ಮಾಡುವವರು, ಇವರಲ್ಲಿ ಅಕ್ಷರ ಕಲಿಯಲು ಬರುವವರು ಹೆಚ್ಚಾಗಿ ಮೂವತ್ತು ದಾಟಿದ ಹೆಂಗಸರು. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಸಾಕ್ಷರತೆ ಶೇಕಡಾ 82ರಷ್ಟಿದ್ದಾಗ, ಕರ್ನಾಟಕದಲ್ಲೇ ಅತಿ ಕಡಿಮೆಯಾಗಿದ್ದ ಯಾದಗಿರಿ ಜಿಲ್ಲೆಯದು ಸುಮಾರು 52 ಇತ್ತು; ಹೆಂಗಸರ ಪ್ರಮಾಣ ಅದಕ್ಕಿಂತಲೂ ಕೆಳಗೆ. ಅಲ್ಲಿಂದ ರೈಲು ಹತ್ತಿದವರು ಆ ಕೊರತೆಯನ್ನು ಜೊತೆಯಲ್ಲೇ ಹೊತ್ತು ತಂದಿದ್ದಾರೆ. ಇಲ್ಲಿ ಅದು ಇನ್ನಷ್ಟು ಕಾಡುತ್ತದೆ, ಏಕೆಂದರೆ ಊರಿನಲ್ಲಿ ಯಾರನ್ನಾದರೂ ಕೇಳಿ ಸಾಗಿಸಬಹುದಾಗಿದ್ದ ದಿನವನ್ನು ಇಲ್ಲಿ ಬೋರ್ಡು, ಫಾರ್ಮು, ಪಾಸ್‌ಬುಕ್ಕುಗಳನ್ನು ಓದಿಯೇ ಸಾಗಿಸಬೇಕು.

ಈ ಹೆಂಗಸರಿಗೆ ರಾತ್ರಿ ಏಳರಿಂದ ಒಂಬತ್ತರ ತರಗತಿಯನ್ನು ತೆರೆದು, ಮೂರನೆಯ ವಾರದಲ್ಲಿ ಹಾಜರಿ ಇಳಿದಾಗ ‘ಇವರಿಗೆ ಆಸಕ್ತಿಯಿಲ್ಲ’ ಎಂದು ವರದಿ ಬರೆಯುವ ಪದ್ಧತಿ ನಮ್ಮ ಸಂಘಗಳಲ್ಲಿ ಇನ್ನೂ ಹೋಗಿಲ್ಲ. ಆ ಎರಡು ಗಂಟೆಯಲ್ಲಿ ನೀರು ಹಿಡಿಯಬೇಕು, ರೊಟ್ಟಿ ತಟ್ಟಬೇಕು, ಮಕ್ಕಳನ್ನು ಕೂರಿಸಬೇಕು, ಗಂಡ ಬರುವ ಹೊತ್ತೂ ಅದೇ. ಅವರ ದಿನದಲ್ಲಿ ಬಿಡುವು ಎಂಬುದು ಇದ್ದರೆ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಬೆಳಗಿನ ಮನೆಗಳ ಕೆಲಸ ಮುಗಿದು ಸಂಜೆಯದು ಶುರುವಾಗುವ ಮುನ್ನ. ಥಾಣೆ ಜಿಲ್ಲೆಯ ಮುರಬಾಡ ತಾಲೂಕಿನ ಫಾಂಗಣೆ ಗ್ರಾಮದಲ್ಲಿ 2016ರಲ್ಲಿ ಮಹಿಳಾ ದಿನದಂದು ಆರಂಭವಾದ ‘ಆಜೀಬಾಯಿಚಿ ಶಾಳಾ’ದ ಅಜ್ಜಿಯರ ಗುಲಾಬಿ ಸೀರೆಯ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಆ ಶಾಲೆ ನಡೆಯುವುದೂ ಅಜ್ಜಿಯರಿಗೆ ಬಿಡುವಿರುವ ಮಧ್ಯಾಹ್ನದಲ್ಲೇ ಎಂಬುದನ್ನು ಗಮನಿಸಿದವರು ಕಡಿಮೆ. ನನಗೆ ಸೀರೆಗಿಂತ ಆ ವೇಳಾಪಟ್ಟಿಯೇ ಮುಖ್ಯವಾಗಿ ಕಾಣುತ್ತದೆ.

ವೇಳೆ ಹೊಂದಿದ ಮೇಲೂ ಕೆಲವರು ಬಿಟ್ಟುಹೋಗುತ್ತಾರೆ. ವಡಾಲಾ ಕಡೆಯ ಒಂದು ತರಗತಿಯಲ್ಲಿ ನಲವತ್ತು ದಾಟಿದ ಒಬ್ಬ ತಾಯಿ ಪಾಟಿಯನ್ನು ಬದಿಗಿಟ್ಟು, “ಅಕ್ಷರ ಇರುವಿ ಹರದಂಗ ಹರದಾಡ್ತಾವ್ರಿ ಅಕ್ಕಾರ, ನಮ್ಮ ತಲಿಗಿ ಹತ್ತಂಗಿಲ್ಲ” ಎಂದರು. ತಲೆಗೆ ಹತ್ತದ್ದೇನೂ ಇರಲಿಲ್ಲ. ಗೋಡೆಯ ಮೇಲಿನ ದೊಡ್ಡಕ್ಷರವನ್ನು ಅವರು ಸರಿಯಾಗಿ ಓದುತ್ತಿದ್ದರು, ಮಡಿಲಲ್ಲಿದ್ದ ಪುಸ್ತಕವನ್ನು ಮಾತ್ರ ಓದಲಾಗುತ್ತಿರಲಿಲ್ಲ. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ನೋಟ ಮಸುಕಾಗುವುದು ವಯೋಸಹಜ. ಓದುಬರಹವಿದ್ದವರು ಪತ್ರಿಕೆಯನ್ನು ದೂರ ಹಿಡಿಯತೊಡಗಿದಾಗಲೇ ಅದನ್ನು ಅರಿತು ಚಾಳೀಸು ಹಾಕಿಸಿಕೊಳ್ಳುತ್ತಾರೆ. ಎಂದೂ ಓದದವರಿಗೆ ಅದು ಗೊತ್ತಾಗುವ ಸಂದರ್ಭವೇ ಬರುವುದಿಲ್ಲ, ಸೂಜಿಗೆ ದಾರ ಪೋಣಿಸುವುದನ್ನು ಮಗಳಿಗೆ ಬಿಟ್ಟುಕೊಟ್ಟಿರುತ್ತಾರೆ ಅಷ್ಟೆ. ಆದ್ದರಿಂದ ಪುಸ್ತಕ ಹಂಚುವ ಮೊದಲು ಕಣ್ಣಿನ ಪರೀಕ್ಷೆ ನಡೆಯಲಿ ಎಂದು ನಾನು ಹಟ ಹಿಡಿಯುತ್ತೇನೆ. ವಯಸ್ಕರ ಶಿಕ್ಷಣದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ.

ಮುಂದಿನದು ಲಿಪಿಯ ಪ್ರಶ್ನೆ. ‘ಮುಂಬಯಿಯಲ್ಲಿದ್ದು ಕನ್ನಡ ಅಕ್ಷರ ಕಲಿತು ಏನು ಮಾಡುತ್ತಾರೆ, ಮರಾಠಿಯನ್ನೇ ಕಲಿಸಿ’ ಎಂದು ಪದಾಧಿಕಾರಿಗಳು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಓದು ಮೊದಲು ಹಿಡಿತಕ್ಕೆ ಬರುವುದು ಬಾಯಲ್ಲಿ ಆಗಲೇ ಇರುವ ಮಾತನ್ನು ಗುರುತುಗಳಲ್ಲಿ ಕಂಡಾಗ. ಮನೆಯಲ್ಲಿ ಕನ್ನಡವನ್ನೇ ಆಡುವ, ಮಾಲಕಿಯ ಜೊತೆ ತುಂಡು ಹಿಂದಿಯಲ್ಲಿ ನಿಭಾಯಿಸುವ ಹೆಂಗಸಿಗೆ ಮರಾಠಿ ಪ್ರೈಮರ್ ಕೊಟ್ಟರೆ ಹೊಸ ಭಾಷೆ, ಹೊಸ ಲಿಪಿ ಎರಡನ್ನೂ ಒಟ್ಟಿಗೆ ಹೊರಿಸಿದಂತಾಗುತ್ತದೆ. ಕನ್ನಡದಲ್ಲಿ ಅಕ್ಷರಮಾಲೆಯ ಕ್ರಮವನ್ನು ಬಿಟ್ಟು, ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳಿಗೆ ಕಲಿಸುವಂತೆ ರ, ಗ, ಸ, ದ, ಅ ಎಂಬ ಐದರಿಂದ ತೊಡಗಿದರೆ, ಕಾಗುಣಿತ, ಒತ್ತಕ್ಷರಗಳ ಗೊಡವೆಯಿಲ್ಲದೆ ಮೊದಲ ವಾರದಲ್ಲೇ ಸರ, ದರ, ರಸ, ಅರಸ, ಅಗಸ, ಗರಗಸ ಎಂಬ ಇಡೀ ಪದಗಳು ಸಿಗುತ್ತವೆ. ಬಡಗಿಯ ಹೆಂಡತಿಯೊಬ್ಬಳು ‘ಗರಗಸ’ವನ್ನು ಬೆರಳಿಟ್ಟು ಓದಿ ಪಕ್ಕದವಳ ಕಡೆ ತಿರುಗಿ ನಕ್ಕ ದಿನದಿಂದ ಅವಳ ಹಾಜರಿ ತಪ್ಪಲಿಲ್ಲ. ಅ, ಆ, ಇ, ಈಯಿಂದ ಹೊರಟವರು ಇಂಥ ಪದಕ್ಕೆ ತಲುಪುವುದು ಯಾವಾಗಲೋ.

ಕನ್ನಡದಲ್ಲಿ ಒಮ್ಮೆ ಓದು ಕುದುರಿದರೆ ದೇವನಾಗರಿ ದೂರವಿಲ್ಲ. ಕ-ವರ್ಗ, ಚ-ವರ್ಗಗಳ ಜೋಡಣೆ ಒಂದೇ, ವ್ಯಂಜನಕ್ಕೆ ಸ್ವರಚಿಹ್ನೆ ಹತ್ತುವ ತತ್ತ್ವವೂ ಒಂದೇ. ತೊಡಕಾಗುವುದು ಸಂಯುಕ್ತಾಕ್ಷರದಲ್ಲಿ ಮಾತ್ರ, ಏಕೆಂದರೆ ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ, ದೇವನಾಗರಿಯಲ್ಲಿ ಅನೇಕ ಕಡೆ ಮೊದಲಿನ ಅಕ್ಷರ ಅರ್ಧವಾಗಿ ಮುಂದಿನದಕ್ಕೆ ಅಂಟಿಕೊಳ್ಳುತ್ತದೆ. ಆದರೂ ಇದರಲ್ಲಿ ಮಡಿವಂತಿಕೆ ಬೇಡ. ಇಲ್ಲಿಯೇ ಹುಟ್ಟಿ ಬೆಳೆದು ಹಿಂದಿ, ಮರಾಠಿಯನ್ನು ನೀರು ಕುಡಿದಂತೆ ಆಡುವವರು ದೇವನಾಗರಿಯಿಂದಲೇ ತೊಡಗಲಿ. ‘ಯಾವುದೇ ಭಾಷೆಯಲ್ಲಿ’ ಅರ್ಥ ತಿಳಿದು ಓದಿ ಬರೆಯಬಲ್ಲವರನ್ನು ಜನಗಣತಿಯೂ ಸಾಕ್ಷರರೆಂದೇ ಎಣಿಸುತ್ತದೆ. ಅಂಕಿಗಳ ಮಟ್ಟಿಗೆ ನಾನು ಕ್ರಮವನ್ನೇ ತಿರುಗಿಸುತ್ತೇನೆ. ಫೋನು ಮತ್ತು ನೋಟುಗಳಿಗಾಗಿ ಮೊದಲು 1, 2, 3. ನಗರ ಸಾರಿಗೆಯ ಬೆಸ್ಟ್ ಬಸ್ಸಿನ ಹಣೆಯ ಮೇಲಿನ ಸಂಖ್ಯೆಗಾಗಿ ನಂತರ ದೇವನಾಗರಿ ಅಂಕಿ. ಕನ್ನಡದ ಅಂಕಿಗಳು ಪುರಸೊತ್ತಾದಾಗ.

ಇನ್ನು ತಾಯಿ, ಮಕ್ಕಳು ಮನೆಯಲ್ಲಿ ಜೊತೆಯಾಗಿ ಕಲಿಯುವ ಕುಟುಂಬ ಸಾಕ್ಷರತೆಯ ವಿಚಾರ. ಕೇಂದ್ರ ಸರ್ಕಾರವು 2022ರಿಂದ 2027ರ ಅವಧಿಗೆ 1,037.90 ಕೋಟಿ ರೂಪಾಯಿ ವೆಚ್ಚದಲ್ಲಿ ರೂಪಿಸಿದ, ಈಗ ‘ಉಲ್ಲಾಸ್’ ಎಂದು ಕರೆಯಲಾಗುವ ನವ ಭಾರತ ಸಾಕ್ಷರತಾ ಕಾರ್ಯಕ್ರಮ ನಿಂತಿರುವುದು ಸ್ವಯಂಸೇವಕರ ಮೇಲೆ, ಅವರಲ್ಲಿ ಶಾಲಾ ವಿದ್ಯಾರ್ಥಿಗಳೂ ಸೇರಿದ್ದಾರೆ. ಇದರಿಂದ ‘ಮಗುವೇ ತಾಯಿಗೆ ಗುರು’ ಎಂಬ ಮಾತು ಎಲ್ಲ ಭಾಷಣಗಳಲ್ಲೂ ಕೇಳಿಬರುತ್ತಿದೆ. ಬೇರೆಯವರ ಮನೆಯ ಅಜ್ಜಿಗೆ ವಿದ್ಯಾರ್ಥಿಯೊಬ್ಬ ಕಲಿಸುವುದಕ್ಕೆ ನನ್ನ ತಕರಾರಿಲ್ಲ. ತನ್ನ ಮಗನೇ ಗುರುವಾಗುವುದು ಬೇರೆ ಸಂಗತಿ. ಐದನೆಯ ತರಗತಿಯ ಹುಡುಗ ತಾಯಿ ಬರೆದ ಸೊಟ್ಟ ‘ದ’ವನ್ನು ರಬ್ಬರಿನಿಂದ ಅಳಿಸುತ್ತ “ಇಷ್ಟೂ ಬರಂಗಿಲ್ಲೇನ್ ಅವ್ವಾ?” ಎಂದು ತಂಗಿಯ ಮುಂದೆ ನಗುವುದನ್ನು ನೋಡಿದವರಿಗೆ, ಆ ತಾಯಿ ಮರುದಿನ ಪುಸ್ತಕವನ್ನು ಟ್ರಂಕಿನಲ್ಲಿ ಇಟ್ಟುಬಿಡುವುದು ಅರ್ಥವಾಗುತ್ತದೆ. ಅವಳು ಕಳೆದುಕೊಂಡದ್ದು ಒಂದು ಪಾಠವನ್ನಲ್ಲ, ನಾಳೆ ಅದೇ ಮಗನಿಗೆ ‘ಓದಲು ಕೂರು’ ಎಂದು ಹೇಳುವ ಅಧಿಕಾರವನ್ನು.

ಇದಕ್ಕೆ ಬದಲಾಗಿ ನಾವು ಮಾಡಿಸುವುದು ‘ಮನೆ ಪುಸ್ತಕ’. ಇದರ ಕ್ರಮ ಸರಳ: ತಾಯಿ ಹೇಳುತ್ತಾಳೆ, ಸ್ವಯಂಸೇವಕಿ ಬರೆಯುತ್ತಾಳೆ, ಮಗು ಚಿತ್ರ ಬಿಡಿಸುತ್ತದೆ. ಒಂದು ಪುಟದಲ್ಲಿ ಹೀಗಿತ್ತು: ‘ಶೇಂಗಾ ಹುರಿ. ಸಿಪ್ಪಿ ತಗಿ. ಬಳ್ಳೊಳ್ಳಿ ಹಾಕು. ಖಾರ ಹಾಕು. ಕುಟ್ಟು.’ ಹೇಳಿದವಳಿಗೆ ಇಡೀ ಪುಟ ಬಾಯಿಪಾಠ, ಆದ್ದರಿಂದ ಮೊದಲ ದಿನ ಅವಳು ‘ಓದುವುದು’ ನೆನಪಿನಿಂದಲೇ. ಮೂರನೆಯ ಸಲ ಓದುವ ಹೊತ್ತಿಗೆ ‘ಹಾಕು’ ಎರಡು ಕಡೆ ಬಂದಿರುವುದನ್ನು ತಾನಾಗಿ ಬೆರಳಿಟ್ಟು ತೋರಿಸುತ್ತಾಳೆ, ಆಮೇಲೆ ಪದಗಳನ್ನು ಚೀಟಿಗಳಾಗಿ ಕತ್ತರಿಸಿ ಬೆರೆಸಿಟ್ಟರೆ ಹೊಂದಿಸುತ್ತಾಳೆ. ‘ಸಿಪ್ಪಿ’ಯನ್ನು ‘ಸಿಪ್ಪೆ’ ಎಂದು, ‘ತಗಿ’ಯನ್ನು ‘ತೆಗೆ’ ಎಂದು ತಿದ್ದಬಾರದು ಎಂದು ನಾನು ಸ್ವಯಂಸೇವಕರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ, ಅದರಲ್ಲೂ ನಿವೃತ್ತ ಶಿಕ್ಷಕರಿಗೆ. ಗ್ರಂಥಸ್ಥ ರೂಪ ಮೂರು ತಿಂಗಳ ನಂತರ ಬಂದರೂ ನಷ್ಟವಿಲ್ಲ. ತಾನು ಆಡಿದ್ದೇ ಕಾಗದದ ಮೇಲಿದೆ ಎಂಬ ನಂಬಿಕೆ ಮೊದಲು ಬರಬೇಕು. ಪಕ್ಕದ ಪುಟದಲ್ಲಿ ಮಗು ಅದನ್ನೇ ತನ್ನ ಶಾಲೆಯ ಭಾಷೆಯಾದ ಮರಾಠಿಯಲ್ಲಿ ಬರೆಯುತ್ತದೆ, ಬರೆಯಲು ತಾಯಿಯನ್ನೇ ಕೇಳಬೇಕಾಗುತ್ತದೆ: ಶೇಂಗಾ ಎಷ್ಟು ಹುರಿಯಬೇಕು, ಖಾರ ಮೊದಲೋ ಬಳ್ಳೊಳ್ಳಿ ಮೊದಲೋ. ಹೀಗೆ ತಿಳಿದವಳು ತಾಯಿಯೇ ಆಗಿ ಉಳಿಯುತ್ತಾಳೆ, ಕನ್ನಡ ಮಾತ್ರ ಆಡಬಲ್ಲ, ಓದಲಾರದ ಮಗುವಿಗೂ ಮನೆಯ ಭಾಷೆಯ ಲಿಪಿ ಬದಿಯಿಂದ ಪರಿಚಯವಾಗುತ್ತದೆ. ಪಾಲಿಕೆಯ ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಕಳಿಸುವವರು ಕಡಿಮೆಯಾಗಿರುವ ಈ ನಗರದಲ್ಲಿ ಅದು ಸಣ್ಣ ಲಾಭವಲ್ಲ.

ತಾಯಿ ಕಲಿತರೆ ಮಕ್ಕಳ ಓದು ತಾನಾಗಿ ಏರುತ್ತದೆ ಎಂದು ನಾವು ಬೇಗ ಹೇಳಿಬಿಡುತ್ತೇವೆ. ಬಿಹಾರ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಶಿಕ್ಷಣ ಕ್ಷೇತ್ರದ ಸ್ವಯಂಸೇವಾ ಸಂಸ್ಥೆ ‘ಪ್ರಥಮ್’ ಜೊತೆಗೂಡಿ ನಡೆಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವು ಮನೆಗಳ ತಾಯಂದಿರಿಗೆ ಅಕ್ಷರದ ತರಗತಿ, ಕೆಲವರಿಗೆ ಮಕ್ಕಳ ಕಲಿಕೆಗೆ ಮನೆಯಲ್ಲಿ ನೆರವಾಗುವ ತರಬೇತಿ, ಇನ್ನು ಕೆಲವರಿಗೆ ಎರಡನ್ನೂ ಕೊಡಲಾಗಿತ್ತು. ಮೂರರಲ್ಲೂ ಮಕ್ಕಳ ಗಣಿತ ಸುಧಾರಿಸಿತು, ಆದರೆ ಸುಧಾರಣೆ ಸಣ್ಣದು. ತಾಯಂದಿರ ಸ್ವಂತ ಕಲಿಕೆ, ಮಕ್ಕಳ ಓದಿನಲ್ಲಿ ಅವರು ತೊಡಗಿಕೊಳ್ಳುವ ರೀತಿ ಎರಡೂ ಮೇಲಕ್ಕೆ ಹೋದವು. ನನ್ನ ಅನುಭವವೂ ಇದಕ್ಕೆ ಹತ್ತಿರವಾಗಿದೆ. ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅಲ್ಲಿ ನಡಾವಳಿ ಪುಸ್ತಕವನ್ನು ಮುಂದೆ ತಳ್ಳಿದಾಗ ಹೆಬ್ಬೆಟ್ಟು ಚಾಚದೆ, ‘ಇದರಾಗ ಏನ್ ಬರದೀರಿ’ ಎಂದು ಕೇಳುವ ತಾಯಿ, ಪರೀಕ್ಷೆಯ ಅಂಕಕ್ಕಿಂತ ದೊಡ್ಡ ಫಲಿತಾಂಶ.

ಉಲ್ಲಾಸ್ ಪರೀಕ್ಷೆಯಲ್ಲಿ ಓದು, ಬರಹ, ಲೆಕ್ಕಗಳಿಗೆ ತಲಾ 50ರಂತೆ 150 ಅಂಕಗಳಿವೆ. ಅದು ಬೇಕು, ಪ್ರಮಾಣಪತ್ರ ಕೈಗೆ ಬಂದಾಗಿನ ಸಂತೋಷವೂ ನಿಜ. ತೊಂದರೆ ಇರುವುದು ಅದರ ನಂತರ. ಏಪ್ರಿಲ್-ಮೇ ತಿಂಗಳಲ್ಲಿ ಜಾತ್ರೆ, ಮದುವೆಗಳಿಗೆಂದು ಊರಿಗೆ ಹೋಗಿ ಎರಡು ತಿಂಗಳು ಕಳೆದು ಬಂದವರು ಕೂಡಿಸಿ ಓದುವುದಕ್ಕೇ ತಡವರಿಸುತ್ತಾರೆ, ಏಕೆಂದರೆ ಓದಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಹೊಸದಾಗಿ ಕಲಿತವರಿಗೆ ವೃತ್ತಪತ್ರಿಕೆ ಕಠಿಣ, ಮಕ್ಕಳ ಪುಸ್ತಕ ಬಾಲಿಶ. ಬಳಸಲು ಫೋನಿದೆ, ಆದರೆ ಅದರಲ್ಲಿ ಧ್ವನಿ ಸಂದೇಶದ ಅನುಕೂಲವಿರುವುದರಿಂದ ಅಕ್ಷರದ ಅಗತ್ಯವೇ ತಪ್ಪಿಹೋಗುತ್ತದೆ. ಆದ್ದರಿಂದ ತರಗತಿಯ ಕೊನೆಯ ತಿಂಗಳಲ್ಲಿ ಗುಂಪಿನಲ್ಲಿ ದಿನಕ್ಕೊಂದು ಸಾಲಿನ ಸಂದೇಶವನ್ನು ಬರೆದೇ ಕಳಿಸಬೇಕು ಎಂಬ ಕಟ್ಟಳೆ ಮಾಡುತ್ತೇವೆ, ಓಟಿಪಿ ಸಂದೇಶದಲ್ಲಿ ಆರು ಅಂಕಿಗಳಷ್ಟೇ ಅಲ್ಲದೆ ‘ಯಾರಿಗೂ ಹೇಳಬೇಡಿ’ ಎಂಬ ಸಾಲೂ ಇರುತ್ತದೆ ಎಂಬುದನ್ನು ಓದಿಸಿಯೇ ತೋರಿಸುತ್ತೇವೆ. ಮೋಸಹೋದ ನೆರೆಯವರ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಈ ಪಾಠಕ್ಕೆ ಗೈರುಹಾಜರಾಗುವವರಿಲ್ಲ.

ಮುಂಬಯಿಯ ಕನ್ನಡ ಸಂಘಗಳು ಕೇಳುತ್ತವೆ, ನಾವೇನು ಮಾಡಬಹುದು ಎಂದು. ಹೊಸ ಶಾಲೆ ಕಟ್ಟಬೇಕಾಗಿಲ್ಲ. ಸಂಜೆಯ ಭಜನೆ, ಯಕ್ಷಗಾನದ ತಾಲೀಮು, ಕಾರ್ಯಕಾರಿ ಸಮಿತಿಯ ಸಭೆಗಳಿಗೆ ತೆರೆಯುವ ಅವರ ಸಭಾಗೃಹಗಳಿಗೆ ಮಧ್ಯಾಹ್ನ ಬೀಗ ಬಿದ್ದಿರುತ್ತದೆ. ಎರಡರಿಂದ ನಾಲ್ಕರವರೆಗೆ ಬೀಗ ತೆಗೆದು, ಫ್ಯಾನು ಹಾಕಿ, ಮಕ್ಕಳು ಆಡಿಕೊಳ್ಳಲು ಒಂದು ಮೂಲೆ ಬಿಟ್ಟುಕೊಡುವ ಒಬ್ಬ ಸದಸ್ಯ ಸಿಕ್ಕರೆ ಒಂದು ತರಗತಿ ನಡೆಯುತ್ತದೆ. ಕನ್ನಡಕಗಳ ಖರ್ಚನ್ನು ವಾರ್ಷಿಕೋತ್ಸವದ ಶಾಲು-ಹಾರದ ಬಾಬಿನಿಂದ ತೆಗೆಯಬಹುದು, ಸನ್ಮಾನಿತರು ಬೇಸರಪಟ್ಟುಕೊಳ್ಳಲಾರರು.