ಮೊದಲ ಸಂಬಳಕ್ಕೂ ಮುಂಚಿನ ತಿಂಗಳು

"ಮೇಡಂ, ಕೆಲಸಕ್ಕೆ ಸೇರಿದ್ರೆ ಈಗ ಬರ್ತಿರೋ ದುಡ್ಡೂ ನಿಂತುಹೋಗುತ್ತೆ ಅಲ್ವಾ?"

ಇಂಗ್ಲೆಂಡಿನಲ್ಲಿ ಸರ್ಕಾರಿ ನೆರವಿನ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಗಂಡನಿಂದ ಬೇರೆಯಾಗಿ, ಯೂನಿವರ್ಸಲ್ ಕ್ರೆಡಿಟ್ ಮೇಲೆ, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ತಿಂಗಳಿಗೊಮ್ಮೆ ಕೊಡುವ ನೆರವಿನ ಮೇಲೆ, ಮನೆ ತೂಗಿಸುತ್ತಿರುವ ತಾಯಂದಿರು. ಮಗುವನ್ನು ಒಬ್ಬರೇ ಸಾಕುವ ತಂದೆಯರೂ ಬರುತ್ತಾರೆ. ನಮ್ಮ ಕನ್ನಡದವರೂ ಇದ್ದಾರೆ.

ದುಡ್ಡು ಒಮ್ಮೆಲೇ ನಿಲ್ಲುವುದಿಲ್ಲ. ಒಂದು ಮಗು, ಬಾಡಿಗೆ ಮನೆ, ಬಾಡಿಗೆಗೂ ನೆರವು ಬರುತ್ತಿದೆ ಎಂದುಕೊಳ್ಳಿ. ತೆರಿಗೆ ಕಳೆದು ತಿಂಗಳಿಗೆ 1,000 ಪೌಂಡ್ ಕೈಗೆ ಬರುವ ಕೆಲಸ ಸಿಕ್ಕಿತು. 2025–26ರ ದರದಲ್ಲಿ ಅದರ ಮೊದಲ 411 ಪೌಂಡ್ ಲೆಕ್ಕಕ್ಕೇ ಬರುವುದಿಲ್ಲ. ಉಳಿದ 589 ಪೌಂಡಿಗೆ, ಪೌಂಡಿಗೆ 55 ಪೆನ್ಸಿನಂತೆ ನೆರವು ಇಳಿಯುತ್ತದೆ. ಅಂದರೆ ಸುಮಾರು 324 ಪೌಂಡ್ ಕಡಿತ, 676 ಪೌಂಡ್ ಲಾಭ. ಬಾಡಿಗೆಗೆ ನೆರವು ಪಡೆಯದವರಿಗೆ ಆ 411ರ ಬದಲು 684. ಮನೆಗೆ ಸ್ಥಳೀಯ ಆಡಳಿತ ಹಾಕುವ ಕೌನ್ಸಿಲ್ ತೆರಿಗೆಯಲ್ಲಿ ಕಡಿಮೆ ಆದಾಯಕ್ಕೆಂದು ಸಿಗುವ ರಿಯಾಯಿತಿ ಸ್ವಲ್ಪ ಕಡಿಮೆಯಾಗಬಹುದು. ಆದರೆ ಮನೆಯಲ್ಲಿ ದೊಡ್ಡವರು ನೀವೊಬ್ಬರೇ ಇದ್ದರೆ ಸಿಗುವ ಶೇಕಡ 25 ಕಡಿತ ಹಾಗೇ ಇರುತ್ತದೆ.

ವಾರಕ್ಕೆ ಕನಿಷ್ಠ 16 ಗಂಟೆ ದುಡಿದರೆ ಮಾತ್ರ ನೆರವು ಎಂಬ, ಹಳೆಯ ಟ್ಯಾಕ್ಸ್ ಕ್ರೆಡಿಟ್ ನೆರವಿನ ಕಾಲದ ನಿಯಮವನ್ನು ಜನ ಇನ್ನೂ ಮರೆತಿಲ್ಲ. ಈಗ ಹಾಗಿಲ್ಲ. ವಾರಕ್ಕೆ ಎಂಟೇ ಗಂಟೆ ಕೆಲಸ ಮಾಡಿದರೂ ನರ್ಸರಿ ಖರ್ಚಿಗೆ ಯೂನಿವರ್ಸಲ್ ಕ್ರೆಡಿಟ್ ನೆರವು ಕೇಳಬಹುದು.

ಹಾಗಾದರೆ ಜನ ಸೋಲುವುದೆಲ್ಲಿ? ದಿನಾಂಕಗಳಲ್ಲಿ. ನರ್ಸರಿಯವರು ಒಂದು ತಿಂಗಳ ಶುಲ್ಕವನ್ನು ಮುಂಚೆಯೇ ಕೇಳುತ್ತಾರೆ. ಸಂಬಳ ಬರುವುದು ತಿಂಗಳ ಕೊನೆಗೆ. ಯೂನಿವರ್ಸಲ್ ಕ್ರೆಡಿಟ್ ನರ್ಸರಿ ಖರ್ಚಿನ ಶೇಕಡ 85ರಷ್ಟು ಕೊಡುತ್ತದೆ, 2025–26ರ ದರದಲ್ಲಿ ಒಂದು ಮಗುವಿಗೆ ತಿಂಗಳಿಗೆ ಹೆಚ್ಚೆಂದರೆ 1,031.88 ಪೌಂಡ್. ಆದರೆ ನೀವು ಮೊದಲು ಕಟ್ಟಿ, ರಸೀದಿ ತೋರಿಸಿದ ಮೇಲೆ.

ಕೇರ್ ಹೋಮಿನಲ್ಲಿ ಕೆಲಸ ಸಿಕ್ಕ ಒಬ್ಬ ತಾಯಿ ಕ್ರೆಡಿಟ್ ಕಾರ್ಡ್ ಉಜ್ಜಿ ನರ್ಸರಿಗೆ 640 ಪೌಂಡ್ ಕಟ್ಟಿದ್ದರು. ಹೊಸ ಕೆಲಸ, ರಾತ್ರಿ ಪಾಳಿ, ಮಗುವಿಗೆ ಜ್ವರ. ರಸೀದಿ ಚೀಲದಲ್ಲೇ ಉಳಿಯಿತು. ಯೂನಿವರ್ಸಲ್ ಕ್ರೆಡಿಟ್‌ನ ತಿಂಗಳ ಲೆಕ್ಕಕ್ಕೆ ಪ್ರತಿಯೊಬ್ಬರಿಗೂ ಬೇರೆ ಬೇರೆ ದಿನಾಂಕ ಇರುತ್ತದೆ. ಹಣ ಕಟ್ಟಿದ ತಿಂಗಳಲ್ಲಿ, ತಪ್ಪಿದರೆ ಅದರ ಮುಂದಿನ ತಿಂಗಳು ಮುಗಿಯುವುದರೊಳಗೆ ಖರ್ಚು ತಿಳಿಸಬೇಕು. ಅವರು ನನ್ನ ಬಳಿ ಬರುವ ಹೊತ್ತಿಗೆ ಎರಡೂ ಮುಗಿದಿದ್ದವು. ಬರಬೇಕಿದ್ದ 544 ಪೌಂಡ್ ಹೋಯಿತು. ಅವರದು ಸೋಮಾರಿತನ ಅಲ್ಲವೇ ಅಲ್ಲ. ಯಾರೂ ಅವರಿಗೆ ಮುಂಚೆ ಕೂರಿಸಿಕೊಂಡು ಹೇಳಿರಲಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಕೆಲಸದ ಆಫರ್ ಬಂದ ದಿನವೇ ಜಾಬ್‌ಸೆಂಟರಿನಲ್ಲಿ (ಸರ್ಕಾರಿ ಉದ್ಯೋಗ ಕಚೇರಿ) ನಿಮ್ಮನ್ನು ನೋಡಿಕೊಳ್ಳುವ ವರ್ಕ್ ಕೋಚ್‌ಗೆ, ಯೂನಿವರ್ಸಲ್ ಕ್ರೆಡಿಟ್ ಖಾತೆಯ ಆನ್‌ಲೈನ್ ಜರ್ನಲ್‌ನಲ್ಲಿ ಬರೆಯಿರಿ. ನರ್ಸರಿಯಿಂದ ಶುಲ್ಕದ ಪತ್ರ ಬರೆಸಿಕೊಂಡು ಹೋಗಿ. ಜಾಬ್‌ಸೆಂಟರಿನ ಕೈಯಲ್ಲಿರುವ ನೆರವಿನ ನಿಧಿ, ಫ್ಲೆಕ್ಸಿಬಲ್ ಸಪೋರ್ಟ್ ಫಂಡ್ ಎಂಬ ಹೆಸರನ್ನು ನೀವೇ ಬಾಯಿಬಿಟ್ಟು ಹೇಳಿ. ಮೊದಲ ನರ್ಸರಿ ಶುಲ್ಕ, ಕೆಲಸದ ಬಟ್ಟೆ, ಬಸ್ ಪಾಸ್ ಇಂಥವಕ್ಕೆ ಅದರಿಂದ ಕೊಡಬಹುದು. ಕೊಡಲೇಬೇಕೆಂಬ ಕಾನೂನಿಲ್ಲ, ಆದರೆ ಸಿಕ್ಕರೆ ವಾಪಸ್ ಕಟ್ಟಬೇಕಿಲ್ಲ. ಅದು ಸಿಗದಿದ್ದರೆ ಬಜೆಟಿಂಗ್ ಅಡ್ವಾನ್ಸ್ ಇದೆ. ಮಕ್ಕಳಿರುವವರಿಗೆ 812 ಪೌಂಡ್‌ವರೆಗೆ. ಇದು ಸಾಲ, ಬಡ್ಡಿಯಿಲ್ಲ, ಮುಂದಿನ ತಿಂಗಳುಗಳ ನೆರವಿನಲ್ಲಿ ಹಿಡಿದುಕೊಳ್ಳುತ್ತಾರೆ. ಮೊದಲು ಫಂಡ್ ಕೇಳಿ, ಆಮೇಲೆ ಸಾಲ. ಈ ಕ್ರಮ ತಿರುಗಿಸಬೇಡಿ.

ಇನ್ನೊಂದು ಮಾತು. ಊರಿನಿಂದ ಬಂದ ಅಜ್ಜಿ ಮನೆಯಲ್ಲೇ ಮಗುವನ್ನು ನೋಡಿಕೊಂಡು, ನೀವು ಅವರ ಕೈಗೆ ದುಡ್ಡು ಕೊಟ್ಟರೆ ಅದು ಲೆಕ್ಕಕ್ಕೆ ಬರುವುದಿಲ್ಲ. ನೋಂದಣಿಯಾದ ನರ್ಸರಿ ಅಥವಾ ಚೈಲ್ಡ್‌ಮೈಂಡರ್ (ತಮ್ಮ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು) ಆಗಬೇಕು.

ಜೀವನಾಂಶದ ವಿಷಯದಲ್ಲೂ ಸುಮ್ನೆ ಹೆದರುವವರು ಜಾಸ್ತಿ. ಮಗುವಿಗಾಗಿ ಬರುವ ಚೈಲ್ಡ್ ಮೇಂಟೆನೆನ್ಸ್ ಹಣವನ್ನು ಯೂನಿವರ್ಸಲ್ ಕ್ರೆಡಿಟ್ ಆದಾಯವೆಂದು ಎಣಿಸುವುದೇ ಇಲ್ಲ. ಒಂದು ಪೆನ್ನಿಯೂ ಕಡಿತವಾಗದು. ಕೆಲಸಕ್ಕೆ ಸೇರಿದ ಮೇಲೂ ಅಷ್ಟೇ. ಈ ಹಣವನ್ನು ಲೆಕ್ಕಹಾಕಿ ಕೊಡಿಸುವ ಸರ್ಕಾರಿ ಸಂಸ್ಥೆ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್. ಅಲ್ಲಿ ಅರ್ಜಿಗಿದ್ದ 20 ಪೌಂಡ್ ಶುಲ್ಕವನ್ನು 2024ರಲ್ಲಿ ತೆಗೆದುಹಾಕಿದರು.

ಕೊಡುವ ಕಡೆಯವರಿಗೂ ಒಂದು ಮಾತು. ಯೂನಿವರ್ಸಲ್ ಕ್ರೆಡಿಟ್ ಮೇಲಷ್ಟೇ ಬದುಕುತ್ತಿದ್ದಾಗ ನೀವು ವಾರಕ್ಕೆ 7 ಪೌಂಡ್ ಕೊಡುತ್ತಿದ್ದಿರಿ. ಕೆಲಸ ಸಿಕ್ಕಿತು ಅಂದಾಗ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್‌ಗೆ ತಿಳಿಸಿ. ವಾರಕ್ಕೆ 200ರಿಂದ 800 ಪೌಂಡ್‌ವರೆಗಿನ ಒಟ್ಟು ಸಂಬಳಕ್ಕೆ ಒಂದು ಮಗುವಿಗೆ ಶೇಕಡ 12, ಇಬ್ಬರಿಗೆ 16. ಮಗು ವರ್ಷಕ್ಕೆ 52 ರಾತ್ರಿಯಾದರೂ ನಿಮ್ಮ ಮನೆಯಲ್ಲಿ ಮಲಗಿದರೆ ಏಳನೇ ಒಂದು ಭಾಗ ಕಡಿಮೆ. ನೀವಿಬ್ಬರೇ ನೇರವಾಗಿ ಕೊಟ್ಟು ತೆಗೆದುಕೊಂಡರೆ ಒಳ್ಳೆಯದು. ಆ ಸರ್ವಿಸ್ ಮೂಲಕ ವಸೂಲಿಯಾದರೆ ನಿಮ್ಮಿಂದ ಶೇಕಡ 20 ಹೆಚ್ಚುವರಿ ಹಿಡಿಯುತ್ತಾರೆ, ಮಗುವಿನ ಪಾಲಿನಲ್ಲಿ ಶೇಕಡ 4 ಮುರಿಯುತ್ತಾರೆ. ಆ ದುಡ್ಡು ಮಗುವಿನ ಹೊಟ್ಟೆಗೆ ಹೋಗಬೇಕಾದದ್ದು ಅಲ್ವಾ?

ಇಷ್ಟೆಲ್ಲ ಓದಿ, ಸಂಗಾತಿಯ ಕೆಲಸದ ವೀಸಾ ಮೇಲೆ ಬಂದವರು ಅವಸರದಲ್ಲಿ ಅರ್ಜಿ ಹಾಕಬೇಡಿ, ದಯವಿಟ್ಟು. ನಿಮ್ಮ ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಯೂನಿವರ್ಸಲ್ ಕ್ರೆಡಿಟ್ ತೆಗೆದುಕೊಂಡರೆ ವೀಸಾಕ್ಕೇ ಕುತ್ತು ಬರಬಹುದು. ಹಿಂಸೆ ತಾಳದೆ ಮನೆ ಬಿಟ್ಟವರಿಗೆ ಮೂರು ತಿಂಗಳ ವಿಶೇಷ ಅನುಮತಿಯ ದಾರಿ 2024ರಿಂದ ಇದೆ. ಆದರೆ ಅದು ನಿಮ್ಮ ವೀಸಾವನ್ನೇ ಬದಲಿಸುತ್ತದೆ, ಮೊದಲು ವಲಸೆ ವಕೀಲರನ್ನು ಕಾಣಿ. ಚೈಲ್ಡ್ ಮೇಂಟೆನೆನ್ಸ್ ಮಾತ್ರ ಸರ್ಕಾರದ ದುಡ್ಡಲ್ಲ. ಮಗುವಿನ ತಂದೆ ಈ ದೇಶದಲ್ಲೇ ಇದ್ದರೆ, ಅದನ್ನು ಕೇಳಲು ನಿಮ್ಮ ವೀಸಾ ಅಡ್ಡಿಯಲ್ಲ.