ಲೆನನ್ ವೇಷಕ್ಕೆ ಯಾರು?

2025ರ ಮಾರ್ಚ್ ಕೊನೆಯಲ್ಲಿ ನಿರ್ದೇಶಕ ಸ್ಯಾಮ್ ಮೆಂಡಿಸ್ ಲಾಸ್ ವೇಗಸ್‌ನ ವೇದಿಕೆಯೊಂದರ ಮೇಲೆ ನಾಲ್ವರು ನಟರನ್ನು ನಿಲ್ಲಿಸಿ ತೋರಿಸಿದರು. ಜಾನ್ ಲೆನನ್ ಪಾತ್ರಕ್ಕೆ ಹ್ಯಾರಿಸ್ ಡಿಕಿನ್ಸನ್, ಪಾಲ್ ಮ್ಯಾಕಾರ್ಟ್ನಿಗೆ ಪಾಲ್ ಮೆಸ್ಕಲ್, ಜಾರ್ಜ್ ಹ್ಯಾರಿಸನ್‌ಗೆ ಜೋಸೆಫ್ ಕ್ವಿನ್, ರಿಂಗೋ ಸ್ಟಾರ್‌ಗೆ ಬ್ಯಾರಿ ಕಿಯೋಗನ್. ಈ ನಾಲ್ವರದು ಇಂಗ್ಲೆಂಡಿನ ಬೀಟಲ್ಸ್ ಹಾಡುತಂಡ; ಒಬ್ಬೊಬ್ಬರ ಕಡೆಯಿಂದ ಒಂದೊಂದು ಚಿತ್ರ; ಬಿಡುಗಡೆಗೆ ಗೊತ್ತುಮಾಡಿರುವುದು 2028ರ ಏಪ್ರಿಲ್. ಕೂಡಲೇ ತಕರಾರು ಎದ್ದಿತು: ಇಬ್ಬರು ಐರ್ಲೆಂಡಿನವರು, ಇಬ್ಬರು ಲಂಡನ್ನಿನವರು, ತಂಡದ ಊರಾದ ಲಿವರ್‌ಪೂಲ್‌ನವನು ಒಬ್ಬನೂ ಸಿಗಲಿಲ್ಲವೇ?

ಈ ಜಗಳಕ್ಕೆ ವಯಸ್ಸಾಗಿದೆ. 1979ರಲ್ಲೇ 'ಬರ್ತ್ ಆಫ್ ದ ಬೀಟಲ್ಸ್' ಎಂಬ ಚಿತ್ರ ಬಂದಿತ್ತು. ಅದರ ಸಲಹೆಗಾರ ಪೀಟ್ ಬೆಸ್ಟ್, ಅಂದರೆ 1962ರ ಆಗಸ್ಟ್‌ನಲ್ಲಿ ತಂಡದಿಂದ ಹೊರಹಾಕಿಸಿಕೊಂಡ ಡ್ರಮ್ಮರ್! ಹೊರಗೆ ತಳ್ಳಿದ ಮನೆಯ ಗೃಹಪ್ರವೇಶದ ಕಥೆಯನ್ನು ಅವನಿಂದಲೇ ಹೇಳಿಸಿದಂತೆ.

ಆಮೇಲಿನ ನಿರ್ದೇಶಕರು ಮತ್ತೆ ಮತ್ತೆ ಆರಂಭದ ದಿನಗಳಿಗೇ ಹೋದದ್ದರ ಹಿಂದೆ ಒಂದು ಲೆಕ್ಕಾಚಾರವೂ ಇದೆ ಎಂದು ನನ್ನ ಗುಮಾನಿ. ಬೀಟಲ್ಸ್‌ನ ಸ್ವಂತ ಹಾಡುಗಳ ಹಕ್ಕು ಪಡೆಯುವುದು ದುಬಾರಿ, ಕಷ್ಟ. ಆದರೆ 1960ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಅವರು ಹಾಡುತ್ತಿದ್ದುದು ಹೆಚ್ಚಾಗಿ ಬೇರೆಯವರ ರಾಕ್ ಅಂಡ್ ರೋಲ್. ಆ ಕಾಲದ ಬೀಟಲ್ಸ್ ಧ್ವನಿ ಜನರ ಕಿವಿಯಲ್ಲಿಲ್ಲ. ಹಾಗಾಗಿ ಕಂಠ ಹೊಂದದಿದ್ದರೂ ನಡೆಯುತ್ತದೆ, ಸ್ವಭಾವ ಹೊಂದಬೇಕು.

ಹ್ಯಾಂಬರ್ಗ್ ದಿನಗಳ ಕುರಿತ 1994ರ ಚಿತ್ರ 'ಬ್ಯಾಕ್‌ಬೀಟ್' ಈ ಸಲುಗೆಯನ್ನು ಚೆನ್ನಾಗಿಯೇ ಬಳಸಿಕೊಂಡಿತು. ತೆರೆಯ ಹಿಂದೆ ನುಡಿಸಿದವರು 'ನಿರ್ವಾಣ' ಬ್ಯಾಂಡಿನ ಡೇವ್ ಗ್ರೋಲ್, 'ಸೋನಿಕ್ ಯೂತ್' ಬ್ಯಾಂಡಿನ ಥರ್ಸ್ಟನ್ ಮೂರ್ ಮೊದಲಾದ ಅಮೆರಿಕನ್ನರು. ತೆರೆಯ ಮೇಲೆ ಲೆನನ್ ಆದದ್ದು ಲಿವರ್‌ಪೂಲ್‌ನ ಇಯಾನ್ ಹಾರ್ಟ್. 1991ರಲ್ಲಿ ಒಮ್ಮೆ ಲೆನನ್ ಆಗಿದ್ದ ಅವರು 2013ರಲ್ಲಿ ಮೂರನೆಯ ಸಲ ಅದೇ ವೇಷ ಹಾಕಿದರು. ಲೆನನ್‌ನ ಕುಹಕವನ್ನೂ ಅದರಡಿಯ ಅಂಜಿಕೆಯನ್ನೂ ಒಟ್ಟಿಗೆ ತೋರಿಸಿದವರು ಅವರಂತೆ ಇನ್ನೊಬ್ಬರಿಲ್ಲ. ಮ್ಯಾಕಾರ್ಟ್ನಿ ಸಿಟ್ಟಾದದ್ದು ಬೇರೆ ಕಾರಣಕ್ಕೆ: ತಾವು ಹಾಡುತ್ತಿದ್ದ 'ಲಾಂಗ್ ಟಾಲ್ ಸ್ಯಾಲಿ'ಯನ್ನು ಚಿತ್ರ ಲೆನನ್ ಬಾಯಿಗೆ ಕೊಟ್ಟಿತ್ತು.

ಕೆಲವೊಮ್ಮೆ ಹೆಸರೇ ಅಡ್ಡ ಬಂದದ್ದುಂಟು. 1985ರ ಕಿರುತೆರೆ ಚಿತ್ರವೊಂದಕ್ಕೆ ಲೆನನ್ ಆಗಿ ಆಯ್ಕೆಯಾಗಿದ್ದ ನಟನ ಹೆಸರು ಮಾರ್ಕ್ ಲಿಂಡ್ಸೆ ಚಾಪ್‌ಮನ್. ಲೆನನ್‌ನನ್ನು ಕೊಂದವನೂ ಮಾರ್ಕ್ ಚಾಪ್‌ಮನ್. ಲೆನನ್‌ನ ಪತ್ನಿ ಯೋಕೋ ಓನೋ ಒಪ್ಪಲಿಲ್ಲ. ಪಾತ್ರ ಮಾರ್ಕ್ ಮೆಕ್‌ಗ್ಯಾನ್ ಪಾಲಾಯಿತು. ಕೈತಪ್ಪಿದ ವೇಷ ಚಾಪ್‌ಮನ್‌ಗೆ ದಕ್ಕಿದ್ದು 2007ರಲ್ಲಿ, ಅದೂ ಆ ಕೊಲೆಗಾರನ ಕುರಿತ ಚಿತ್ರದಲ್ಲಿ.

ಎಲ್ಲಕ್ಕಿಂತ ಪಜೀತಿಯ ಸಂಗತಿ ಕೈಯದು. ಮ್ಯಾಕಾರ್ಟ್ನಿ ಎಡಗೈಯವರು. ಅವರೂ ಲೆನನ್ನೂ ಒಂದೇ ಮೈಕಿಗೆ ಬಾಯಿಟ್ಟು ಹಾಡುವಾಗ ಎರಡು ವಾದ್ಯಗಳ ಕುತ್ತಿಗೆಗಳು ಎರಡು ದಿಕ್ಕಿಗೆ ಚಾಚಿಕೊಳ್ಳುತ್ತವೆ, ಒಬ್ಬನೇ ಕನ್ನಡಿಯ ಮುಂದೆ ನಿಂತಂತೆ. ಬಲಗೈ ನಟನೊಬ್ಬ ಅಲ್ಲಿ ನಿಂತರೆ ಆ ನೋಟ ಅಲ್ಲಿಗೇ ಕೆಟ್ಟಿತು. 2009ರ ಚಿತ್ರ 'ನೋವೇರ್ ಬಾಯ್'ನಲ್ಲಿ ಮ್ಯಾಕಾರ್ಟ್ನಿ ಆಗಲು ಥಾಮಸ್ ಬ್ರೋಡಿ ಸ್ಯಾಂಗ್‌ಸ್ಟರ್ ಎಡಗೈಯಲ್ಲಿ ಗಿಟಾರ್ ಕಲಿತರು. ಆ ಚಿತ್ರದ ಇನ್ನೊಂದು ಜಾಣತನ ವಯಸ್ಸು. 1957ರ ಜುಲೈ 6ರಂದು ಲಿವರ್‌ಪೂಲ್‌ನ ವೂಲ್ಟನ್‌ನ ಚರ್ಚ್ ಜಾತ್ರೆಯಲ್ಲಿ ಭೇಟಿಯಾದಾಗ ಜಾನ್‌ಗೆ 16, ಪಾಲ್‌ಗೆ 15. ಚಿತ್ರೀಕರಣದ ಹೊತ್ತಿಗೆ ಬ್ರೋಡಿ ಸ್ಯಾಂಗ್‌ಸ್ಟರ್, ಲೆನನ್ ಆದ ಆರನ್ ಜಾನ್ಸನ್ ಇಬ್ಬರಿಗೂ ಹದಿನೆಂಟು.

ಮೆಂಡಿಸ್ ಚಿತ್ರಗಳಿಗೆ ಹಳೆಯ ಸಲುಗೆ ಇಲ್ಲ. ನಾಲ್ವರ ಜೀವನಕಥೆಯ ಜೊತೆಗೆ ಹಾಡುಗಳ ಹಕ್ಕೂ ಇದೇ ಮೊದಲ ಬಾರಿಗೆ ಪೂರ್ತಿಯಾಗಿ ಸಿಕ್ಕಿದೆ. ಅಂದರೆ ಎಲ್ಲರ ಕಿವಿಯಲ್ಲಿರುವ ಧ್ವನಿಯ ಎದುರಿಗೇ ಈ ನಟರು ನಿಲ್ಲಬೇಕು. ರಿಂಗೋ ಪಾತ್ರವಂತೂ ಇನ್ನಷ್ಟು ತೊಡಕು: ಹುಟ್ಟಾ ಎಡಗೈಯ ಆತ ಬಲಗೈಯವರಿಗೆ ಜೋಡಿಸಿದ ಡ್ರಮ್ಸ್ ನುಡಿಸುತ್ತಾರೆ, ಬೇರೆಯವರಿಗೆ ಸುಲಭವಾಗಿ ಬಾರದ ಆ ಉರುಳಿಕೆಗಳು ಹುಟ್ಟಿದ್ದು ಆ ಇಕ್ಕಟ್ಟಿನಲ್ಲಿ. ಕಿಯೋಗನ್ ಆಯ್ಕೆಯ ಗುಟ್ಟನ್ನು 2024ರ ನವೆಂಬರ್‌ನಲ್ಲೇ ಬಿಟ್ಟುಕೊಟ್ಟವರು ಸ್ವತಃ ರಿಂಗೋ. ಹುಡುಗ ಎಲ್ಲೋ ಡ್ರಮ್ಸ್ ಪಾಠ ಹೇಳಿಸಿಕೊಳ್ಳುತ್ತಿದ್ದಾನೆ, ಪಾಠ ಅತಿಯಾಗದಿದ್ದರೆ ಸಾಕು ಎಂದು ಆಗ ಅವರು ತಮಾಷೆ ಮಾಡಿದ್ದರು.